ಗುಡ್ಡೆ ಏಳುವ ಮೊದಲೇ ಎಣಿಸಿದ ಹಕ್ಕಿಗಳು: ಭದ್ರಾ ಹಿನ್ನೀರಿನ ನದಿ ರೀವಗಳ ಗಣತಿಯ ಒಂದು ಪ್ರಕರಣ

2025ರ ಮಾರ್ಚ್ ಮಧ್ಯಭಾಗದ ಒಂದು ಭಾನುವಾರ ಸಂಜೆ ಭದ್ರಾ ಹಿನ್ನೀರಿನಿಂದ ಶಿವಮೊಗ್ಗಕ್ಕೆ ಮರಳುವಾಗ ನಾವು ನಾಲ್ವರೂ ಮಾತಿಲ್ಲದೆ ಕುಳಿತಿದ್ದೆವು. ಹಿಂದಿನ ವರ್ಷ ಅದೇ ವಾರದಲ್ಲಿ, ಅದೇ ದೋಣಿಯಲ್ಲಿ, ಅದೇ ಮಾರ್ಗವಾಗಿ ಸಾಗಿ ಎಣಿಸಿದ್ದ ನದಿ ರೀವ (ರಿವರ್ ಟರ್ನ್) ಹಕ್ಕಿಗಳ ಗೂಡುಗಳಲ್ಲಿ ಅರ್ಧದಷ್ಟೂ ಈ ಬಾರಿ ಕಂಡಿರಲಿಲ್ಲ. ಆ ರಾತ್ರಿಯೇ ತಂಡದ ಒಬ್ಬರು ವರದಿಯ ಕರಡು ಬರೆದು, ಅದಕ್ಕೆ ‘ಭದ್ರೆಯಲ್ಲಿ ರೀವಗಳ ಸಂತತಿ ಅರ್ಧಕ್ಕೆ ಕುಸಿತ’ ಎಂಬ ತಲೆಬರಹವನ್ನೂ ಕೊಟ್ಟರು. ಅಂಕಿಗಳಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇರಲಿಲ್ಲ. ಆದರೂ ಆ ತಲೆಬರಹಕ್ಕೆ ಆಧಾರವಿರಲಿಲ್ಲ. ಅದು ಏಕೆ ಹಾಗಾಯಿತು, ತಪ್ಪು ಹೇಗೆ ಕಣ್ಣಿಗೆ ಬಿತ್ತು, ಆಮೇಲೆ ಎಣಿಕೆಯ ಕ್ರಮವನ್ನು ಹೇಗೆ ತಿದ್ದಿಕೊಂಡೆವು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ತಂಡದಲ್ಲಿದ್ದವರು ಒಬ್ಬ ನಿವೃತ್ತ ಮೇಷ್ಟ್ರು, ಇಬ್ಬರು ವಿದ್ಯಾರ್ಥಿಗಳು ಮತ್ತು ನಾನು. ಜೊತೆಗೆ ಅರಣ್ಯ ಇಲಾಖೆಯ ಒಬ್ಬ ಸಿಬ್ಬಂದಿ ಮತ್ತು ಹಿನ್ನೀರಿನಲ್ಲಿ ದಶಕಗಳಿಂದ ದೋಣಿ ನಡೆಸುತ್ತಿರುವ ಒಬ್ಬ ಹಿರಿಯರು ಇರುತ್ತಿದ್ದರು.

ಹಕ್ಕಿ ಮತ್ತು ಅದರ ನೆಲೆ

ನದಿ ರೀವ ಕಡಲ ರೀವಗಳದೇ ಕುಲದ ಹಕ್ಕಿ. ಬೂದುಬಿಳುಪಿನ ಮೈ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ ಇದರ ಗುರುತುಗಳು. ಮರಿ ಮಾಡುವ ಕಾಲದಲ್ಲಿ ನೆತ್ತಿಗೆ ಕರಿಯ ಟೊಪ್ಪಿಗೆ ಹಾಕಿದಂತಿರುತ್ತದೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ನದಿಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಈ ಹಕ್ಕಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿ 2020ರಲ್ಲಿ ‘ಅಪಾಯದ ಅಂಚಿನ ಸಮೀಪ’ ಎಂಬ ವರ್ಗದಿಂದ ಎತ್ತಿ, ಅದಕ್ಕಿಂತ ಗಂಭೀರವಾದ ‘ದುರ್ಬಲ’ ವರ್ಗಕ್ಕೆ ಸೇರಿಸಿತು. ಇದು ಮರದಲ್ಲಾಗಲಿ ಪೊದೆಯಲ್ಲಾಗಲಿ ಗೂಡು ಕಟ್ಟುವುದಿಲ್ಲ. ನದಿ ನಡುವಿನ ಮರಳುದಿಬ್ಬ ಅಥವಾ ಕಲ್ಲುನೆಲದ ಮೇಲೆ ಎದೆಯಿಂದ ಒತ್ತಿ, ಕಾಲಿನಿಂದ ಕೆರೆದು ಮಾಡಿದ ಒಂದು ಸಣ್ಣ ಕುಳಿಯೇ ಅದರ ಗೂಡು. ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಇಡುತ್ತದೆ. ಬರಿಯ ನೆಲದ ಮೇಲಿನ ಮೊಟ್ಟೆಗೆ ನರಿ, ನಾಯಿ, ಮುಂಗುಸಿಗಳಿಂದ ಇರುವ ಒಂದೇ ರಕ್ಷಣೆ ಸುತ್ತಲಿನ ನೀರು.

ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಹಕ್ಕಿಗಳಿಗಾಗಿ ಯಾರೂ ಯೋಚಿಸಿರಲಿಕ್ಕಿಲ್ಲ. ಗರಿಷ್ಠ 186 ಅಡಿ ಮಟ್ಟ, ಸುಮಾರು 71.5 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಗದ್ದೆ ತೋಟಗಳಿಗಾಗಿ ಆದದ್ದು. ಆದರೆ ನೀರು ನಿಂತಾಗ ಕಣಿವೆಯ ಸಣ್ಣಪುಟ್ಟ ಗುಡ್ಡಗಳ ನೆತ್ತಿಗಳು ಒಂದು ವಿಚಿತ್ರ ಬಾಳಿಗೆ ಬಿದ್ದವು. ಮಳೆಗಾಲದಲ್ಲಿ ಅವು ಮುಳುಗುತ್ತವೆ. ಬೇಸಿಗೆ ಬೆಳೆಗೆಂದು ನಾಲೆಗಳಿಗೆ ನೀರು ಹರಿಸಿದಂತೆ ಒಂದೊಂದಾಗಿ ಮೇಲೇಳುತ್ತವೆ. ವರ್ಷವರ್ಷವೂ ಮುಳುಗುವುದರಿಂದ ಅವುಗಳ ಮೇಲೆ ಗಿಡಗಂಟಿ ಬೆಳೆಯುವುದಿಲ್ಲ, ಜಲ್ಲಿಕಲ್ಲಿನ ಬೋಳು ನೆಲ ಮಾತ್ರ ಉಳಿಯುತ್ತದೆ. ರೀವಗಳಿಗೆ ಬೇಕಾದದ್ದು ಅಂಥ ನೆಲವೇ. ವರ್ಷದ ಆರಂಭದಿಂದ ಅವು ಇಲ್ಲಿ ಸೇರತೊಡಗಿ, ಬೇಸಿಗೆಯುದ್ದಕ್ಕೂ ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಚದುರುತ್ತವೆ. ಹಳೆಯ ಕಾಡಿನ ಮರಗಳ ಬೊಡ್ಡೆಗಳು ನೀರಿನಿಂದ ಇಣುಕುವಲ್ಲೆಲ್ಲ ಒಂದೊಂದು ರೀವ ಕುಳಿತಿರುವ ದೃಶ್ಯ ಭದ್ರೆಯ ಗುರುತೇ ಆಗಿಬಿಟ್ಟಿದೆ. ದಡದಲ್ಲಿರುವ ಸರ್ಕಾರಿ ವಿಹಾರಧಾಮವೂ ಈ ಹಕ್ಕಿಯ ಇಂಗ್ಲಿಷ್ ಹೆಸರನ್ನೇ ಹೊತ್ತಿದೆ. ಈ ಹಿನ್ನೀರಿಗೆ ಹೊಂದಿಕೊಂಡ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಇಲಾಖೆಯ ಅನುಮತಿಯಿಲ್ಲದೆ ಗುಡ್ಡೆಗಳ ಮೇಲೆ ಕಾಲಿಡುವಂತಿಲ್ಲ. ನಮ್ಮ ಎಣಿಕೆ ಎರಡೂ ವರ್ಷ ದೋಣಿಯಿಂದಲೇ ನಡೆಯಿತು.

ದೋಣಿಯವರ ಒಂದು ಮಾತು

ಮೊದಲ ವರ್ಷದ ಕ್ರಮ ಸರಳವಾಗಿತ್ತು. ಒಂದು ದಿನವಿಡೀ ದೋಣಿಯಲ್ಲಿ ಗುಡ್ಡೆಗಳನ್ನು ಸುತ್ತಿ, ಬೈನಾಕ್ಯುಲರ್‌ನಲ್ಲಿ ಕಾವಿಗೆ ಕುಳಿತಂತೆ ಕಂಡ ಹಕ್ಕಿಗಳನ್ನೆಲ್ಲ ಒಬ್ಬರು ಎಣಿಸುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಎರಡನೆಯ ವರ್ಷ ಇದನ್ನು ಚಾಚೂತಪ್ಪದೆ ಪಾಲಿಸಿದೆವು. ಹೋಲಿಕೆಗೆ ಯೋಗ್ಯವಾಗಬೇಕಾದರೆ ದಿನ, ಮಾರ್ಗ, ದೋಣಿ, ಎಣಿಸುವ ಕಣ್ಣು ಎಲ್ಲವೂ ಅವೇ ಆಗಿರಬೇಕು ಎಂದು ನಾವು ನಂಬಿದ್ದೆವು. ಆ ನಂಬಿಕೆ ತಪ್ಪೇನಲ್ಲ, ಆದರೆ ಅಪೂರ್ಣ.

ಕರಡು ವರದಿಯನ್ನು ಕಳಿಸುವ ಮೊದಲು ಮೇಷ್ಟ್ರು ಅದನ್ನು ದೋಣಿಯವರಿಗೆ ಓದಿ ಹೇಳಿದರು. ಅವರು ಕೇಳಿ, ‘ಗುಡ್ಡೆ ಇನ್ನೂ ಎದ್ದೇ ಇಲ್ವಲ್ಲ ಮೇಷ್ಟ್ರೇ, ಹಕ್ಕಿ ಎಲ್ಲಿ ಕೂರ್ಬೇಕು?’ ಎಂದರು. ಹಿಂದಿನ ವರ್ಷ ನಾವು ಸುತ್ತಿದ ಗುಡ್ಡೆಗಳಲ್ಲಿ ಹಲವು ಈ ಬಾರಿ ನೀರಿನಡಿಯೇ ಇದ್ದವು. ನಾವು ಅದನ್ನು ನೋಡಿರಲಿಲ್ಲವೆಂದಲ್ಲ. ದೋಣಿ ಅವುಗಳ ಮೇಲೆಯೇ ಹಾದುಹೋಗಿತ್ತು. ‘ಇಲ್ಲಿ ಗೂಡಿಲ್ಲ’ ಎಂದು ಸೊನ್ನೆ ಬರೆದು ಮುಂದೆ ಹೋಗಿದ್ದೆವು. ಹಕ್ಕಿ ಬಾರದ ಗುಡ್ಡೆಗೂ, ಇಲ್ಲದ ಗುಡ್ಡೆಗೂ ನಮ್ಮ ಪುಸ್ತಕದಲ್ಲಿ ಒಂದೇ ಸೊನ್ನೆ ಇತ್ತು.

ಇದರ ಹಿಂದಿನ ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಹೆಚ್ಚಿನ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಭದ್ರೆ ಆ ವರ್ಷ ತುಂಬಲಿಲ್ಲ, ನಾಲೆಗೆ ನೀರು ಬಿಡುವ ವಿಷಯಕ್ಕೆ ಅಚ್ಚುಕಟ್ಟಿನಲ್ಲಿ ಜಗಳವೇ ನಡೆಯಿತು. ಆದ್ದರಿಂದ 2024ರ ಬೇಸಿಗೆಯಲ್ಲಿ ಗುಡ್ಡೆಗಳು ಬೇಗ ಎದ್ದು, ಹೆಚ್ಚು ನೆಲ ಹೊರಬಿದ್ದಿತ್ತು. 2024ರ ಮುಂಗಾರು ಚೆನ್ನಾಗಿ ಸುರಿದುದರಿಂದ ಮರುವರ್ಷ ಅದೇ ವಾರದಲ್ಲಿ ನೀರು ಬಹಳ ಮೇಲಿತ್ತು. ನಾವು ಬರದ ವರ್ಷದ ಹಕ್ಕಿಗಳನ್ನು ಮಳೆಯ ವರ್ಷದ ಹಕ್ಕಿಗಳೊಂದಿಗೆ ತೂಗಿದ್ದೆವು, ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಎತ್ತರದಲ್ಲಿಲ್ಲ ಎಂಬುದನ್ನು ಮರೆತು.

ನಾಚಿಕೆಯ ವಿಷಯವೆಂದರೆ, ನಮಗೆ ಬೇಕಾದ ಅಂಕಿ ಪ್ರತಿದಿನ ಬೆಳಿಗ್ಗೆ ನಮ್ಮ ಮನೆಬಾಗಿಲಿಗೆ ಬರುತ್ತಿತ್ತು. ಶಿವಮೊಗ್ಗದ ಪತ್ರಿಕೆಗಳಲ್ಲಿ ಲಿಂಗನಮಕ್ಕಿ, ಭದ್ರಾ, ತುಂಗಾ ಜಲಾಶಯಗಳ ಮಟ್ಟ ದಿನವೂ ಅಚ್ಚಾಗುತ್ತದೆ. ರೈತರು ಮುಖಪುಟಕ್ಕಿಂತ ಮೊದಲು ಅದನ್ನು ಓದುತ್ತಾರೆ. ಹೊಳೆಹೊನ್ನೂರು ಕಡೆಯ ಭತ್ತದ ರೈತರೊಬ್ಬರು ಗೋಡೆಯ ಕ್ಯಾಲೆಂಡರಿನ ಪ್ರತಿ ತಾರೀಖಿನ ಚೌಕದಲ್ಲಿ ಭದ್ರೆಯ ಮಟ್ಟ ಬರೆದಿಡುವ ರೂಢಿಯವರು, ಹಳೆಯ ಕ್ಯಾಲೆಂಡರುಗಳನ್ನೂ ಎಸೆದವರಲ್ಲ. ಅವರಿಂದ ಎರಡು ವರ್ಷಗಳ ಕ್ಯಾಲೆಂಡರು ತಂದೆವು. ನಮ್ಮ ಫೋನುಗಳಲ್ಲಿದ್ದ ಹಿನ್ನೀರಿನ ಚಿತ್ರಗಳನ್ನೆಲ್ಲ, ಮನೆಯವರ ಪ್ರವಾಸದ ಚಿತ್ರಗಳನ್ನೂ ಸೇರಿಸಿ, ತಾರೀಖಿನ ಪ್ರಕಾರ ಜೋಡಿಸಿದೆವು. ಪ್ರತಿ ಚಿತ್ರದಲ್ಲಿ ಯಾವ ಗುಡ್ಡೆ ಹೊರಗಿದೆ, ಯಾವುದು ಮುಳುಗಿದೆ ಎಂದು ಗುರುತಿಸಿ, ಅದರ ಪಕ್ಕದಲ್ಲಿ ಆ ದಿನದ ಮಟ್ಟ ಬರೆದೆವು. ವಾರದ ಕೊನೆಗೆ ಪ್ರತಿ ಗುಡ್ಡೆಗೂ ಎರಡು ಸಂಖ್ಯೆಗಳು ಸರಿಸುಮಾರಾಗಿ ಸಿಕ್ಕವು: ಯಾವ ಮಟ್ಟಕ್ಕೆ ಅದು ಮೇಲೇಳುತ್ತದೆ, ಇನ್ನೂ ಎಷ್ಟು ಇಳಿದರೆ ಅದು ದಡಕ್ಕೆ ಸೇರಿಕೊಳ್ಳುತ್ತದೆ.

ಎರಡನೆಯ ಸಂಖ್ಯೆ ನಮಗೆ ಹೊಸದು. ನೀರು ಹೆಚ್ಚಿದ್ದರೆ ಗೂಡಿಗೆ ನೆಲವಿಲ್ಲ ಎಂಬುದು ದೋಣಿಯವರ ಮಾತಿನಿಂದ ತಿಳಿದಿತ್ತು. ಆದರೆ ನೀರು ತೀರ ಇಳಿದರೆ ಗುಡ್ಡೆಗೂ ಕಾಡಿಗೂ ನಡುವೆ ಕೆಸರಿನ ದಾರಿ ಬಿದ್ದು, ಅದು ಗುಡ್ಡೆಯಾಗಿ ಉಳಿಯುವುದೇ ಇಲ್ಲ. ಆ ದಾರಿಯಲ್ಲಿ ದನಗಳು ಮೇಯಲು ಬರುತ್ತವೆ, ಅವುಗಳ ಹಿಂದೆ ನಾಯಿ ಬರುತ್ತದೆ, ರಾತ್ರಿ ನರಿ ಬರುತ್ತದೆ. ಬರದ ವರ್ಷದ ಮಾರ್ಚಿಯಲ್ಲಿ ನಾವು ಎಣಿಸಿ ಹಿಗ್ಗಿದ ಗೂಡುಗಳಲ್ಲಿ ಕೆಲವಾದರೂ ಮುಂದೆ ದಡ ಸೇರಿದ ನೆಲದ ಮೇಲಿದ್ದವು. ಅವುಗಳಿಂದ ಎಷ್ಟು ಮರಿಗಳು ಹಾರಿದವೆಂದು ನೋಡಲು ನಾವು ಮತ್ತೆ ಹೋಗಿರಲಿಲ್ಲ. ಹೆಚ್ಚು ಗೂಡು ಕಂಡ ವರ್ಷವೇ ಹಕ್ಕಿಗೆ ಕೆಟ್ಟ ವರ್ಷವೂ ಆಗಿದ್ದಿರಬಹುದು.

ಗೂಡೆಂದರೆ ಯಾವುದು, ಎಷ್ಟು

ಮಟ್ಟದ ಸಂಗತಿ ತಿಳಿದ ಮೇಲೆ ಉಳಿದ ಕ್ರಮವನ್ನೂ ಬಿಚ್ಚಿ ನೋಡುವುದು ಅನಿವಾರ್ಯವಾಯಿತು. ಕಡಲ ಹಕ್ಕಿಗಳ ಗಣತಿಯಲ್ಲಿ ಬಹಳ ಕಾಲದ ಅನುಭವವಿರುವ ಬ್ರಿಟನ್ನಿನಲ್ಲಿ 1986ರಿಂದ ಒಂದು ನಿರಂತರ ಕಾರ್ಯಕ್ರಮವೇ ನಡೆದಿದೆ. ಅಲ್ಲಿ ಎಷ್ಟೋ ಪ್ರಭೇದಗಳಿಗೆ ಎಣಿಕೆಯ ಘಟಕ ಹಕ್ಕಿಯಲ್ಲ, ‘ವಾಸವಿರುವಂತೆ ತೋರುವ ಗೂಡು’. ಬೊಡ್ಡೆಯ ಮೇಲೆ ಕುಳಿತ, ಮೀನಿಗೆಂದು ಹಾರಾಡುವ, ಗೂಡೇ ಇಲ್ಲದ ಹಕ್ಕಿಗಳು ಅದರಲ್ಲಿ ಸೇರುವುದಿಲ್ಲ. ಗೂಡುಗಳನ್ನು ದೂರದಿಂದ ಕಾಣಲಾಗದ ಕಡೆ ಹಕ್ಕಿಗಳೆಲ್ಲ ಒಮ್ಮೆಗೆ ಮೇಲೆದ್ದಾಗ ಎಣಿಸುವ ಪದ್ಧತಿಯೂ ಉಂಟು. ಅಲ್ಲಿನ ಆರ್ಕ್ಟಿಕ್ ರೀವಗಳಿಗೆ, ಮೇಲೆದ್ದ ಮೂರು ಹಕ್ಕಿಗೆ ಎರಡು ಜೋಡಿ ಎಂಬ ಲೆಕ್ಕವನ್ನು ಬಳಸುತ್ತಾರೆ. ಇದನ್ನು ಭದ್ರೆಗೆ ತರೋಣವೆಂದು ವಿದ್ಯಾರ್ಥಿಯೊಬ್ಬರು ಉತ್ಸಾಹದಿಂದ ಹೇಳಿದರು. ನಾನು ಒಪ್ಪಲಿಲ್ಲ. ಒಂದು ಪ್ರಭೇದಕ್ಕೆ, ಒಂದು ತೀರದಲ್ಲಿ ಕಂಡುಕೊಂಡ ಅನುಪಾತವನ್ನು ಇನ್ನೊಂದಕ್ಕೆ ಹಾಗೆಯೇ ಹಚ್ಚುವುದು ಸಲ್ಲ. ಅದಕ್ಕಿಂತ ಮುಖ್ಯವಾಗಿ, ಬೇಸಿಗೆಯ ಕಲ್ಲುನೆಲದಿಂದ ಹಕ್ಕಿಗಳನ್ನು ಬೇಕೆಂದೇ ಎಬ್ಬಿಸುವುದು ಮೊಟ್ಟೆಗಳನ್ನು ಬಾಣಲೆಯ ಮೇಲೆ ಬಿಟ್ಟಂತೆ.

ಈ ಸಂಗತಿಯನ್ನು ಸ್ವಲ್ಪ ವಿವರಿಸಬೇಕು. ಏಪ್ರಿಲ್ ಮಧ್ಯಾಹ್ನ ಹಕ್ಕಿ ಗೂಡಿನ ಮೇಲೆ ಕೂರುವುದು ಮೊಟ್ಟೆಗೆ ಶಾಖ ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಆಗಾಗ ಹಾರಿಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಒದ್ದೆ ಮೈಯಲ್ಲಿ ಕೂರುತ್ತದೆ. ದೋಣಿ ಹತ್ತಿರ ಬಂದರೆ ಇಡೀ ಗುಂಪು ಎದ್ದು ಕೂಗಾಡುತ್ತ ಸುತ್ತುತ್ತದೆ. ಆ ಹೊತ್ತಿನಲ್ಲಿ ಬಿಸಿಲು ಒಂದು ಕಡೆಯಿಂದ, ಕಾಗೆ ಮತ್ತು ಗರುಡ ಇನ್ನೊಂದು ಕಡೆಯಿಂದ ಗೂಡಿಗೆ ಇಳಿಯುತ್ತವೆ. ಮೊದಲ ವರ್ಷ ನಾವು ಮಧ್ಯಾಹ್ನ ಎರಡರವರೆಗೂ ಎಣಿಸಿದ್ದೆವೆಂದು ನಮ್ಮ ಪುಸ್ತಕವೇ ಸಾಕ್ಷಿ ಹೇಳುತ್ತದೆ. ಈಗ ಬೆಳಿಗ್ಗೆ ಎಂಟರ ಒಳಗೆ ಕೆಲಸ ಮುಗಿಸುತ್ತೇವೆ. ದೂರವನ್ನು ಮೀಟರಿನಲ್ಲಿ ನಿಗದಿ ಮಾಡಿಲ್ಲ. ಕುಳಿತ ಹಕ್ಕಿ ಕತ್ತೆತ್ತಿ ಎದ್ದು ನಿಂತರೆ ದೋಣಿಯವರು ಎಂಜಿನ್ ನಿಲ್ಲಿಸಿ ಹಿಂದಕ್ಕೆ ಹುಟ್ಟು ಹಾಕುತ್ತಾರೆ, ಎಣಿಕೆ ಅರ್ಧಕ್ಕೆ ನಿಂತರೂ ಸರಿ. ಡ್ರೋನ್ ಹಾರಿಸುವ ಸಲಹೆಯೂ ಬಂದಿತ್ತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದಕ್ಕೆ ಬೇರೆಯೇ ಅನುಮತಿ ಬೇಕು. ಮೇಲಿನಿಂದ ಬರುವುದನ್ನೆಲ್ಲ ಹದ್ದೆಂದು ಬಗೆಯುವ ಹಕ್ಕಿಗಳ ಮೇಲೆ ಅದನ್ನು ಪ್ರಯೋಗಿಸಲು ನನಗಂತೂ ಮನಸ್ಸಿಲ್ಲ.

ಎಣಿಸುವ ಕಣ್ಣಿನ ತಪ್ಪು ಇನ್ನೊಂದು ಬಗೆಯದು. ಆ ಮಾರ್ಚಿಯಲ್ಲೇ ಗಂಗೆಯ ಡಾಲ್ಫಿನ್‌ಗಳ ಗಣತಿಯ ಫಲಿತಾಂಶ ಪ್ರಕಟವಾಗಿತ್ತು. ಎಂಟು ರಾಜ್ಯಗಳ 28 ನದಿಗಳಲ್ಲಿ ನಡೆದ ಆ ಗಣತಿ ನದಿ ಡಾಲ್ಫಿನ್‌ಗಳ ಒಟ್ಟು ಸಂಖ್ಯೆಯನ್ನು 6,327 ಎಂದು ಅಂದಾಜಿಸಿತ್ತು. ಕೆಸರುನೀರಿನಲ್ಲಿ ಕ್ಷಣಮಾತ್ರ ಬೆನ್ನು ತೋರಿಸಿ ಮುಳುಗುವ ಪ್ರಾಣಿಯನ್ನು ಅಷ್ಟು ಕರಾರುವಾಕ್ಕಾಗಿ ಹೇಗೆ ಎಣಿಸಿದರು ಎಂದು ಮೇಷ್ಟ್ರು ಕೇಳಿದ್ದರಿಂದ ನಾವು ಅದರ ಹಿಂದೆ ಬಿದ್ದೆವು. ಕಾರವಾರದ ಕಡಲಿನ ಗೂನುಬೆನ್ನಿನ ಡಾಲ್ಫಿನ್ ಆಗಲಿ ಗಂಗೆಯದಾಗಲಿ, ನೀರಿನ ಸಸ್ತನಿಗಳನ್ನು ಎಣಿಸುವವರು ಎರಡು ಕೊರತೆಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ದೋಣಿ ಹಾಯುವಾಗ ಮುಳುಗಿದ್ದುದರಿಂದ ಯಾರಿಗೂ ಕಾಣದವು ಒಂದು. ಮೇಲೆ ಬಂದಿದ್ದರೂ ನೋಡುಗರ ಕಣ್ಣು ತಪ್ಪಿದವು ಇನ್ನೊಂದು. ಎರಡನೆಯದನ್ನು ಅಳೆಯಲು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಇಬ್ಬರು ಬೇರೆಬೇರೆಯಾಗಿ ಎಣಿಸುತ್ತಾರೆ.

ಇದು ನಮಗೂ ಸುಲಭವಾಗಿ ಒಗ್ಗಿತು, ಗೂಡು ಡಾಲ್ಫಿನ್‌ನಂತೆ ಜಾಗ ಬಿಟ್ಟು ಓಡುವುದಿಲ್ಲವಲ್ಲ. ಲೆಕ್ಕ ತಿಳಿಯಲೆಂದು ಕಲ್ಪಿಸಿಕೊಂಡ ಅಂಕಿಗಳಿಂದ ಹೇಳುವುದಾದರೆ: ಗುಡ್ಡೆಯ ಚಿತ್ರದ ಮೇಲೆ ಮೊದಲನೆಯವರು 120 ಗೂಡುಗಳನ್ನು ಗುರುತಿಸಿದರು, ಎರಡನೆಯವರು 100, ಎರಡೂ ಚಿತ್ರಗಳನ್ನು ಹೋಲಿಸಿದಾಗ ಇಬ್ಬರೂ ಗುರುತಿಸಿದ ಗೂಡುಗಳು 80. ಎರಡನೆಯವರು ಕಂಡ 100ರಲ್ಲಿ ಮೊದಲನೆಯವರಿಗೆ 80 ಕಂಡಿವೆ, ಎಂದರೆ ಮೊದಲನೆಯವರ ಕಣ್ಣಿಗೆ ಐದರಲ್ಲಿ ನಾಲ್ಕು ಬೀಳುತ್ತವೆ. ಹಾಗಾದರೆ ಅವರು ಕಂಡ 120 ಒಟ್ಟು ಗೂಡುಗಳ ಐದನೇ ನಾಲ್ಕು ಭಾಗ; ಒಟ್ಟು 150. ಇಬ್ಬರ ಪಟ್ಟಿಯನ್ನು ಕೂಡಿಸಿದರೂ 140 ಮಾತ್ರ ಬರುತ್ತಿತ್ತು, ಯಾರಿಗೂ ಕಾಣದ ಹತ್ತು ಲೆಕ್ಕದಿಂದ ಹೊರಬಂದವು. ಈ ಲೆಕ್ಕಕ್ಕೂ ಮಿತಿಯಿದೆ. ಬಂಡೆಯ ಹಿಂಬದಿಯ ಗೂಡು ಇಬ್ಬರಿಗೂ ಒಂದೇ ರೀತಿ ಮರೆಯಾಗಿದ್ದರೆ ಉತ್ತರ ವಾಸ್ತವಕ್ಕಿಂತ ಕಡಿಮೆಯೇ ಬರುತ್ತದೆ. ಆದ್ದರಿಂದ ದೋಣಿಯನ್ನು ಗುಡ್ಡೆಯ ಎರಡು ಬದಿಗಳಲ್ಲಿ ನಿಲ್ಲಿಸುತ್ತೇವೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೂ ಮಾತು ನಿಲ್ಲದಿದ್ದುದರಿಂದ, ಈಗ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಬೈನಾಕ್ಯುಲರ್ ಹಿಡಿಯುವ ಪದ್ಧತಿ ಮಾಡಿಕೊಂಡಿದ್ದೇವೆ.

ಡಾಲ್ಫಿನ್ ಎಣಿಸುವವರ ಮೊದಲನೆಯ ಕೊರತೆ, ಅಂದರೆ ಮುಳುಗಿದ್ದರಿಂದ ಕಾಣದಿರುವುದು, ನಮ್ಮಲ್ಲಿ ತಿರುಗುಮುರುಗಾಗಿತ್ತು. ಅಲ್ಲಿ ಪ್ರಾಣಿ ಮುಳುಗಿರುತ್ತದೆ. ಇಲ್ಲಿ ಮುಳುಗಿದ್ದು ಅದರ ನೆಲೆ.

ಏಪ್ರಿಲ್‌ನ ಮರುಭೇಟಿ

ನೀರು ಇಳಿಯುತ್ತಿದ್ದಂತೆ ಏಪ್ರಿಲ್‌ನಲ್ಲಿ ಎರಡು ಬಾರಿ ಹೋದೆವು. ಮಾರ್ಚಿಯಲ್ಲಿ ಸೊನ್ನೆ ಬರೆದಿದ್ದ ಗುಡ್ಡೆಗಳಲ್ಲಿ ಎದ್ದವುಗಳ ಮೇಲೆ ಹೊಸ ಗೂಡುಗಳಿದ್ದವು. ನಾವು ನಮ್ಮೊಳಗೆ ‘ಮೂರನೇ ಗುಡ್ಡೆ’ ಎನ್ನುವ ಉದ್ದನೆಯ ಕಲ್ಲುದಿಬ್ಬದ ನೆತ್ತಿ ಮಾತ್ರ ಹೊರಬಿದ್ದಿದ್ದರೂ ಅಲ್ಲಿಯೂ ಹಕ್ಕಿಗಳು ಕುಳಿತಿದ್ದವು. ಆ ಸಂಖ್ಯೆಗಳನ್ನು ಮಾರ್ಚಿಯದಕ್ಕೆ ಕೂಡಿಸಿ ಹಿಂದಿನ ವರ್ಷದ ಲೆಕ್ಕಕ್ಕೆ ಸರಿದೂಗಿಸುವ ಆಸೆ ನಮಗೂ ಬಂತು. ಆದರೆ ಕಾವಿನ ಅವಧಿ ಸುಮಾರು ಮೂರು ವಾರ, ಮರಿ ಹಾರಲು ಅದಾದ ಮೇಲೆ ಸುಮಾರು ನಾಲ್ಕು ವಾರ. ನಡುವೆ ಗೂಡು ಹಾಳಾದ ಜೋಡಿ ಬೇರೆ ಕಡೆ ಮತ್ತೆ ಮೊಟ್ಟೆ ಇಡುತ್ತದೆ. ಮಾರ್ಚಿಯ ಗೂಡನ್ನೂ ಏಪ್ರಿಲ್‌ನ ಗೂಡನ್ನೂ ಕೂಡಿಸಿದರೆ ಅಂಥ ಜೋಡಿಯನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಹಾಗಾಗಿ ಭೇಟಿಗಳನ್ನು ಕೂಡಿಸದೆ, ಒಂದೊಂದು ಭೇಟಿಯನ್ನೂ ಆ ದಿನದ ನೀರಿನ ಮಟ್ಟ ಮತ್ತು ಹೊರಗಿದ್ದ ಗುಡ್ಡೆಗಳ ಹೆಸರಿನೊಂದಿಗೆ ಬೇರೆಬೇರೆಯಾಗಿಯೇ ಇಟ್ಟಿದ್ದೇವೆ.

ತಲೆಬರಹ ಹಿಂದೆಗೆದುಕೊಂಡದ್ದನ್ನು ಕೇಳಿದ ಕೆಲವರು ‘ಹಾಗಾದರೆ ಹಕ್ಕಿ ಕಡಿಮೆಯಾಗಿಲ್ಲ ತಾನೆ’ ಎಂದು ಸಮಾಧಾನಪಟ್ಟರು. ನಾವು ಹಾಗೂ ಹೇಳಿಲ್ಲ. 2024 ಮತ್ತು 2025ರ ಮಾರ್ಚಿಯ ಎಣಿಕೆಗಳು ಹೋಲಿಕೆಗೆ ನಿಲ್ಲುವುದಿಲ್ಲ ಎಂಬುದಷ್ಟೇ ನಮ್ಮ ತೀರ್ಮಾನ. ಇಳಿಕೆ ಆಗಿರಬಹುದು, ಆಗದಿರಬಹುದು. ಕೆಂಪುಪಟ್ಟಿಯಲ್ಲಿ ಮೇಲೇರುತ್ತಿರುವ ಹಕ್ಕಿಯ ವಿಷಯದಲ್ಲಿ ಸುಳ್ಳು ಆತಂಕದಷ್ಟೇ ಸುಳ್ಳು ಧೈರ್ಯವೂ ಕೆಟ್ಟದ್ದು.

ಇನ್ನೊಂದು ಒತ್ತಾಯವೂ ಬಂತು: ಗೂಡಿನ ಕಾಲದಲ್ಲಿ ನೀರಿನ ಮಟ್ಟವನ್ನು ಹಕ್ಕಿಗಳಿಗೆ ಅನುಕೂಲವಾಗುವಂತೆ ಹಿಡಿದಿಡಬೇಕೆಂದು ಮನವಿ ಬರೆಯೋಣ ಎಂಬುದು. ಅಚ್ಚುಕಟ್ಟಿನ ಭತ್ತ, ಅಡಿಕೆ, ಕುಡಿಯುವ ನೀರು ಇವೆಲ್ಲ ಅದೇ ನೀರನ್ನು ಕಾಯುತ್ತಿರುವಾಗ, ಯಾವ ಗುಡ್ಡೆಗೆ ಯಾವ ಮಟ್ಟ ಎಂಬುದನ್ನೇ ಖಚಿತವಾಗಿ ಹೇಳಲಾಗದವರು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಯ ಮುಂದೆ ನಿಂತು ಏನು ಕೇಳಿಯಾರು? ಗುಡ್ಡೆಗಳ ಎರಡು ಸಂಖ್ಯೆಗಳು ಇನ್ನೂ ಒಂದೆರಡು ವರ್ಷಗಳಲ್ಲಿ ಗಟ್ಟಿಯಾಗಲಿ ಎಂದು ನಾನು ವಾದಿಸಿದೆ. ದಡ ಸೇರುವ ಗುಡ್ಡೆಗಳ ಕಡೆಗೆ ದನ ಮತ್ತು ನಾಯಿಗಳು ಹೋಗದಂತೆ ನೋಡಿಕೊಳ್ಳುವುದು ಮಾತ್ರ ನೀರಿನ ಮಟ್ಟವನ್ನು ಮುಟ್ಟದೆ ಈಗಲೇ ಸಾಧ್ಯವಿರುವ ಕೆಲಸ. ಯಾವ ಮಟ್ಟಕ್ಕೆ ಕಾವಲು ಬೇಕಾಗುತ್ತದೆ ಎಂಬ ಪಟ್ಟಿಯನ್ನು ಜೊತೆಗಿದ್ದ ಇಲಾಖೆಯ ಸಿಬ್ಬಂದಿಗೆ ಕೊಟ್ಟೆವು.

ಅದೇ ದೋಣಿಯಿಂದ ನೀರುನಾಯಿಗಳೂ ಆಗಾಗ ಕಾಣುತ್ತವೆ. ಅವುಗಳ ಸಂಖ್ಯೆ ಹೇಳುವ ಧೈರ್ಯ ನಮಗಿಲ್ಲ. ಬಂಡೆಗಳ ಮೇಲೆ ಅವು ಬಿಡುವ ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಅವು ಆ ಜಾಗವನ್ನು ಬಳಸುತ್ತಿವೆಯೆಂದು ಹೇಳುತ್ತದೆಯೇ ಹೊರತು ಎಷ್ಟಿವೆಯೆಂದು ಹೇಳುವುದಿಲ್ಲ, ಗುಂಪಿನ ಎಲ್ಲವೂ ಒಂದೇ ಬಂಡೆಯನ್ನು ಬಳಸುವುದುಂಟು. ಹಿಕ್ಕೆ ಕಂಡ ಬಂಡೆ, ತಾರೀಖು, ನೀರಿನ ಮಟ್ಟ ಇಷ್ಟನ್ನು ಮಾತ್ರ ಬರೆಯುತ್ತೇವೆ.

ನಮ್ಮ ಈಗಿನ ಪುಸ್ತಕದಲ್ಲಿ ಮೊದಲ ಅಂಕಣ ಜಲಾಶಯದ ಮಟ್ಟ. ಅದು ತುಂಬದೆ ಮುಂದಿನ ಅಂಕಣಕ್ಕೆ ಹೋಗುವಂತಿಲ್ಲ. ಗುಡ್ಡೆಯ ಎದುರಿಗೆ ಸೊನ್ನೆ ಬರೆಯುವ ಬದಲು ‘ಮುಳುಗಿದೆ’, ‘ಹೊರಗಿದೆ, ಗೂಡಿಲ್ಲ’, ‘ದಡ ಸೇರಿದೆ’ ಎಂಬ ಮೂರು ಮಾತುಗಳಲ್ಲಿ ಒಂದನ್ನು ಬರೆಯುತ್ತೇವೆ. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ತಲುಪಿ, ಮಲೆನಾಡಿನಲ್ಲಿ ತಿಂಗಳ ಕೊನೆಯ ವಾರ ಹಗಲಿರುಳು ಮಳೆ ಹಿಡಿಯಿತು. ತಡವಾಗಿ ಎದ್ದ ಗುಡ್ಡೆಗಳ ಮೇಲೆ ತಡವಾಗಿ ಇಟ್ಟ ಮೊಟ್ಟೆಗಳಿಂದ ಮರಿಗಳು ಅಷ್ಟರೊಳಗೆ ಹಾರಿದ್ದವೇ ಎಂದು ನೋಡಬೇಕಿತ್ತು. ಆ ಗಾಳಿಮಳೆಗೆ ದೋಣಿ ಇಳಿಸುವುದು ಬೇಡವೆಂದು ದೋಣಿಯವರು ಹೇಳಿದರು. ಮೂರನೇ ಗುಡ್ಡೆಯ ಸಾಲಿನಲ್ಲಿ ಆ ವಾರದ ಮಟ್ಟವನ್ನು ಪತ್ರಿಕೆಯಿಂದ ನೋಡಿ ಬರೆದಿದ್ದೇವೆ, ಅದರ ಮುಂದಿನ ಚೌಕ ಖಾಲಿಯಿದೆ.